ತೆಂಕಣ ದಿಕ್ಕಿಗೆ ಬಿಡದ ನೀರು

ನನ್ನ ಸಿಟ್ಟು ಯಾವಾಗಲೂ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮ ಮನೆಯವರು ಬಂದವರಿಗೆಲ್ಲ ಹೇಳುತ್ತಾರೆ. ಇರಲಿ. ಊರವರ ಸಂಡಾಸಿನ ನೀರು ಎಲ್ಲಿಗೆ ಹೋಗುತ್ತದೆ ಎಂದು ಕೇಳುತ್ತ ವರ್ಷಗಟ್ಟಲೆ ಬಾಗಿಲು ಬಾಗಿಲು ತಿರುಗಿದವಳ ಸಿಟ್ಟು ಇನ್ನೆಲ್ಲಿ ಇರಬೇಕು?

ಸುರಪುರದಲ್ಲಿ ಗುಡ್ಡದ ಬುಡಕ್ಕೆ ಅಂಟಿಕೊಂಡ ಓಣಿ ನಮ್ಮದು. ಒಂದೇ ಸಾಲಿನ ಹನ್ನೆರಡು ಮನೆ, ಎಲ್ಲವೂ ಉತ್ತರಕ್ಕೆ ಮುಖ ಮಾಡಿದವು. ಬಾಗಿಲ ಮುಂದೆ ಹಳೆಯ ಕಾಲದ ಕಲ್ಲಿನ ಕಾಲುವೆ. ಗುಡ್ಡದ ಮೇಲೆ ಬಿದ್ದ ಮಳೆಯೆಲ್ಲ ಈ ಕಾಲುವೆಗಿಳಿದು, ಓಣಿಯ ತುದಿಯಲ್ಲಿರುವ, ಮೆಟ್ಟಿಲಿಳಿದು ನೀರು ತುಂಬುವ ಪಾವಟಿಗೆ ಬಾವಿಗೆ ಬಂದು ಬೀಳುತ್ತದೆ. ಬಾವಿ ತುಂಬಿ ಹೆಚ್ಚಾದದ್ದು ಕೆಳಗಿನ ಕೆರೆಗೆ, ಕೆರೆಯದ್ದು ಹಳ್ಳಕ್ಕೆ, ಹಳ್ಳದ್ದು ಕೃಷ್ಣೆಗೆ. ಯಾವ ನಕ್ಷೆ ಇಟ್ಟುಕೊಂಡು ಈ ಇಳಿಜಾರು ಹಿಡಿದರೋ ಗೊತ್ತಿಲ್ಲ, ಒಂದು ಹನಿ ನೀರೂ ಓಣಿಯಲ್ಲಿ ನಿಲ್ಲುತ್ತಿರಲಿಲ್ಲ. ನಾನು ಮದುವೆಯಾಗಿ ಬಂದ ಹೊಸತರಲ್ಲಿ ಮಳೆಗಾಲದ ಮೊದಲು ಓಣಿಯವರೆಲ್ಲ ಸೇರಿ ಹೂಳು ತೆಗೆದು ಕಾಲುವೆ ಬಳಿಯುತ್ತಿದ್ದರು. ಆಮೇಲೆ ಒಬ್ಬೊಬ್ಬರೇ ತಮ್ಮ ಬಾಗಿಲ ಮುಂದಿನಷ್ಟಕ್ಕೆ ಫರ್ಸಿ ಕಲ್ಲು ಹೊದಿಸಿ ಕೂರಲು ಕಟ್ಟೆ ಮಾಡಿಕೊಂಡರು. ಕಣ್ಣಿಗೆ ಬೀಳದ ಮೇಲೆ ಕಾಲುವೆಯನ್ನು ಬಳಿಯುವವರು ಯಾರು? ನಾವೂ ಕಟ್ಟೆ ಮಾಡಿಕೊಂಡೆವು. ಅದರ ಮೇಲೆ ಕುಳಿತು ನಾನೂ ಎಷ್ಟೋ ಸಂಜೆ ಕಡಲೆ ತಿಂದಿದ್ದೇನೆ.

ಹಿತ್ತಲ ಗೋಡೆಯ ಆಚೆಗೆ, ಅಂದರೆ ದಕ್ಷಿಣಕ್ಕೆ, ಒಂದು ಸಣ್ಣ ಸಂದಿ ಇದೆ. ಕೆಲವು ವರ್ಷಗಳ ಹಿಂದೆ ನಗರಸಭೆಯವರು ಆ ಸಂದಿಯಲ್ಲಿ ಅಗೆದು ಒಳಚರಂಡಿಯ ದೊಡ್ಡ ಪೈಪು ಹಾಕಿದರು. ಪ್ರತಿ ಮನೆಯ ಹಿಂದೆ ಒಂದು ಚೇಂಬರ್ ಕಟ್ಟಿ ಮುಚ್ಚಳ ಕೂರಿಸಿದರು. ಹೊಲಸು ನೀರು ಆ ಪೈಪಿನಲ್ಲಿ ಊರಾಚೆ ಹೋಗಿ ಶುದ್ಧವಾಗಬೇಕು, ಮಳೆನೀರು ಮಾತ್ರ ಕಾಲುವೆಯಲ್ಲಿ ಹೋಗಬೇಕು. ಇಷ್ಟೇ ವಿಷಯ. ಇದನ್ನು ಜನರಿಗೆ ತಿಳಿಹೇಳಿ, ಜೋಡಣೆ ಮಾಡಿಸಿ, ಕಾಗದದ ಮೇಲೆ ದಸ್ಕತ್ತು ಹಾಕಿಸಿಕೊಂಡು ಬರಲು ಓಣಿಗೊಬ್ಬರಂತೆ ಹೆಂಗಸರನ್ನು ತಾತ್ಕಾಲಿಕ ಕೆಲಸಕ್ಕೆ ತೆಗೆದುಕೊಂಡರು. ನಾನು ಬಿ.ಎ. ಓದಿದವಳು, ಬಾಯಿ ಬೇರೆ ಜೋರು. ನನ್ನನ್ನು ತೆಗೆದುಕೊಂಡರು. ಯಾದಗಿರಿಯಲ್ಲಿ ಮೂರು ದಿನ ತರಬೇತಿಯಾಯಿತು. ಬಸ್ಸಿನಲ್ಲಿ ಬರುವಾಗ ಇಷ್ಟು ಸುಲಭದ ಕೆಲಸಕ್ಕೆ ತರಬೇತಿ ಯಾಕೆ ಎಂದುಕೊಂಡಿದ್ದೆ.

ಮೊದಲ ಬಾಗಿಲಲ್ಲೇ ಗೊತ್ತಾಯಿತು. ಮನೆಯ ನೀರು ಈಶಾನ್ಯಕ್ಕೋ ಉತ್ತರಕ್ಕೋ ಹೋಗಬೇಕು, ತೆಂಕಣಕ್ಕೆ ಬಿಡಬಾರದು, ಅದು ಯಮನ ದಿಕ್ಕು. ನಮ್ಮ ಓಣಿಯಲ್ಲಿ ಇದನ್ನು ಯಾರೂ ವಾದ ಮಾಡಿ ಹೇಳುವುದಿಲ್ಲ. ಸೂರ್ಯ ಮೂಡಣಕ್ಕೆ ಹುಟ್ಟುತ್ತಾನೆ ಎನ್ನುವಷ್ಟೇ ಸಹಜವಾಗಿ ಹೇಳಿ ಒಳಗೆ ಹೋಗಿಬಿಡುತ್ತಾರೆ. ಹಾಗೆಂದು ಸಂಡಾಸನ್ನು ಮುಂದೆ ಕಟ್ಟಲಾಗುತ್ತದೆಯೇ? ಅದೂ ವಾಸ್ತುವಿಗೆ ಒಗ್ಗದು. ಆದ್ದರಿಂದ ಎಲ್ಲರ ಸಂಡಾಸೂ ಹಿಂದೆ ಹಿತ್ತಲಲ್ಲಿದೆ. ಅಲ್ಲಿಂದ ಹೊಸ ಪೈಪಿಗೆ ಎರಡು ಮೊಳ ದೂರ. ಆದರೆ ಹೊಲಸು ಆ ಎರಡು ಮೊಳ ಹೋಗದೆ, ಅಡುಗೆಮನೆಯ ಕೆಳಗೆ, ಪಡಸಾಲೆಯ ಕೆಳಗೆ, ಅಂಗಳದ ಕೆಳಗೆ ಇಡೀ ಮನೆ ಸುತ್ತಿಕೊಂಡು ಬಂದು ಮುಂದಿನ ಕಾಲುವೆಗೆ ಬೀಳಬೇಕು. ನೆಲದ ಕೆಳಗೆ ಹೊಲಸು ಹರಿಯುತ್ತಿರುವಾಗ ಅದರ ಮೇಲೆ ಚಾಪೆ ಹಾಸಿ ಉಣ್ಣುತ್ತೇವೆ, ಅದಕ್ಕೆ ಯಾವ ದೋಷವೂ ಇಲ್ಲ.

ಮೂಲೆಮನೆಯ ನಿವೃತ್ತ ಮೇಷ್ಟ್ರು ಇಡೀ ತಾಲೂಕಿಗೆ ವಿಜ್ಞಾನ ಕಲಿಸಿದವರು. ಅವರಾದರೂ ಒಪ್ಪುತ್ತಾರೆ ಎಂದು ಹೋದರೆ, ನನ್ನನ್ನು ಕೂರಿಸಿ, ಚಹಾ ಕೊಟ್ಟು, ರೋಗಾಣುಗಳ ಬಗ್ಗೆ ಅರ್ಧ ಗಂಟೆ ಪಾಠ ಹೇಳಿದರು. ಕಾಗದ ಮುಂದಿಟ್ಟಾಗ ಮಾತ್ರ, ಸಾಲಿ ವಿಜ್ಞಾನ ಸಾಲಿಯಲ್ಲೇ ಇರಲಿ, ಮನೆಯಲ್ಲಿ ಹೆಂಗಸರದೇ ನಡೆಯುತ್ತದೆ ಎಂದು ನಕ್ಕರು. ಒಳಗಿದ್ದ ಅವರ ಹೆಂಡತಿಯನ್ನು ಕೇಳಿದರೆ, ಇಂಥದ್ದೆಲ್ಲ ಗಂಡಸರು ನೋಡಿಕೊಳ್ಳುವುದು ಎಂದರು. ನನ್ನ ತಲೆ ಕೆಟ್ಟುಹೋಯಿತು.

ಬಿಡಲಿಲ್ಲ. ಒಂದೇ ಮನೆಗೆ ಹತ್ತು ಸಲ ಹೋದೆ. ನಾನು ಓಣಿಗೆ ಕಾಲಿಟ್ಟರೆ ಸಾಕು, ಸಂಡಾಸಿನ ಮೇಡಂ ಬಂದಳು ಎಂದು ಬಾಗಿಲು ಹಾಕಿಕೊಳ್ಳುತ್ತಿದ್ದರು. ನನ್ನ ಸ್ವಂತ ಓಣಿಯಲ್ಲಿ, ನನ್ನ ಸ್ವಂತ ನೆಂಟರಿಷ್ಟರು! ಆದರೆ ಒಂದು ಬೇಸಿಗೆ ಕಳೆಯುವಷ್ಟರಲ್ಲಿ ಏನೋ ಬದಲಾಯಿತು. ಒಬ್ಬೊಬ್ಬರಾಗಿ ತಾವೇ ಕರೆದರು. ಓಣಿಯ ಗಾರೆ ಕೆಲಸವನ್ನೆಲ್ಲ ಮಾಡುವ ಹಳೆಯ ಗೌಂಡಿಯೊಬ್ಬ ಇದ್ದಾನೆ. ಅವನು ಬಂದು ಹಿತ್ತಲು ಅಗೆದು ಪೈಪು ಜೋಡಿಸಿದ. ನಾನು ಸಂದಿಗೆ ಹೋಗಿ ಚೇಂಬರಿನ ಮುಚ್ಚಳ ಎತ್ತಿ, ಹೊಸ ಪೈಪಿನ ಬಾಯಿ ಅದರೊಳಗೆ ಇಣುಕಿದ್ದನ್ನು ಕಣ್ಣಾರೆ ನೋಡಿ, ಕಾಗದದ ಮೇಲೆ ಗುರುತು ಹಾಕಿದೆ. ಹನ್ನೆರಡು ಮನೆಗೆ ಹನ್ನೆರಡು ಗುರುತು. ಶಹಾಪುರದಲ್ಲಿ ನನ್ನ ಹಾಗೆಯೇ ಕೆಲಸ ಮಾಡುವ ಗೆಳತಿಗೆ ಫೋನು ಮಾಡಿ ಜಂಬ ಕೊಚ್ಚಿದೆ. ಅವಳಿಗೆ ಅಲ್ಲಿಯವರೆಗೆ ನಾಲ್ಕೇ ಮನೆ ಆಗಿದ್ದವು.

ಆ ಮಳೆಗಾಲದಲ್ಲೂ ಬಾವಿ ನಾರಿತು.

ಮೊದಲ ದೊಡ್ಡ ಮಳೆಗೆ ಕಾಲುವೆಯಲ್ಲಿ ಬಂದ ನೀರು ಕರ್ರಗಿತ್ತು. ಬಾವಿಯ ಮೇಲೆ ಕೆನೆಗಟ್ಟಿದ ಹೊಲಸು ತೇಲಿತು, ಅದು ಉಕ್ಕಿ ಕೆರೆಗೂ ಇಳಿಯಿತು. ಇದು ಸಾಲದೆಂಬಂತೆ, ಅಂಗಳದಲ್ಲಿ ಮಳೆನೀರು ನಿಂತವರು ಅದನ್ನು ಹಿತ್ತಲಿಗೆ ತಿರುಗಿಸಿ ಚೇಂಬರಿನ ಮುಚ್ಚಳ ಎತ್ತಿ ಒಳಗೆ ಬಿಟ್ಟರು. ಹೊಲಸಿಗೆ ಯಮನ ದಿಕ್ಕು ಬೇಡ, ಮಳೆನೀರಿಗೆ ಪರವಾಗಿಲ್ಲ! ಆ ಪೈಪು ಅಷ್ಟು ನೀರು ಹಿಡಿಯುವಂಥದ್ದಲ್ಲ, ಕೆಳಗಿನ ಓಣಿಯಲ್ಲಿ ಮುಚ್ಚಳ ಒದ್ದುಕೊಂಡು ಮೇಲೆ ಬಂತು. ಮಳೆ ಹೋಗಬೇಕಾದಲ್ಲಿ ಹೊಲಸು, ಹೊಲಸು ಹೋಗಬೇಕಾದಲ್ಲಿ ಮಳೆ. ಯಾರ ಮನೆಯದು ಎಂದರೆ ಎಲ್ಲರೂ ನನ್ನ ಕಾಗದವನ್ನೇ ನನಗೆ ತೋರಿಸಿದರು. ನೀವೇ ಗುರುತು ಹಾಕಿದ್ದೀರಲ್ಲ ಎಂದರು. ಗುಡ್ಡದ ಮೇಲೆ ಹಂದಿಗಳು ಹೆಚ್ಚಾಗಿವೆ ಎಂದು ಮೇಷ್ಟ್ರು ಕಾರಣ ಕಂಡುಹಿಡಿದರು.

ನನಗೆ ಬಾವಿಯ ಚಿಂತೆ ಬರೀ ಕೆಲಸದ ಚಿಂತೆಯಾಗಿರಲಿಲ್ಲ. ಮಗಳು ಚೊಚ್ಚಿಲ ಬಾಣಂತನಕ್ಕೆ ನಮ್ಮ ಮನೆಗೆ ಬಂದಿದ್ದಳು, ಹೆಣ್ಣುಕೂಸು ಹುಟ್ಟಿತ್ತು. ನಮ್ಮಲ್ಲಿ ಬಾಣಂತಿ ಮೊದಲ ಸಲ ಹೊರಗೆ ಬರುವುದೇ ಗಂಗಿ ಪೂಜೆಗೆ. ಬಾವಿಗೆ ಹೋಗಿ, ಐದು ಹರಳು ಇಟ್ಟು, ಅರಿಷಿಣ ಕುಂಕುಮ ಹಚ್ಚಿ, ಬೆಲ್ಲ ಎಡೆ ಮಾಡಿ, ಒಂದು ಕೊಡ ನೀರು ತುಂಬಿ ತಲೆಯ ಮೇಲೆ ಹೊತ್ತು ಮನೆಗೆ ತರುತ್ತಾಳೆ. ಮೊದಲ ಬೊಗಸೆ ತಾನು ಕುಡಿಯಬೇಕು. ಉಳಿದದ್ದರಲ್ಲಿ ಕೂಸಿಗೆ ಎರೆಯಬೇಕು. ನನ್ನ ಅತ್ತೆ ಆ ಬಾವಿಯಿಂದ ನೀರು ತಂದವರು, ನಾನೂ ತಂದವಳು. ಈಗ ಮಗಳೂ ಅಲ್ಲಿಂದಲೇ ತರಬೇಕು ಎಂದು ಅತ್ತೆ ದಿನ ನೋಡಿ ಆಗಿತ್ತು.

ನಾನು ಆಗುವುದಿಲ್ಲ ಎಂದೆ. ಆ ನೀರು ಬಾಣಂತಿಯ ಬಾಯಿಗೆ, ತಿಂಗಳ ಕೂಸಿನ ಮೈಗೆ! ಮನೆಯ ನಲ್ಲಿಗೇ ಪೂಜೆ ಮಾಡೋಣ ಎಂದದ್ದಕ್ಕೆ ಅತ್ತೆ, ನಲ್ಲಿಗೆ ಯಾರಾದರೂ ಗಂಗಿ ಅನ್ನುತ್ತಾರೆಯೇ ಎಂದು ಮುಖ ತಿರುಗಿಸಿದರು. ಎರಡು ದಿನ ನಮ್ಮಿಬ್ಬರ ನಡುವೆ ಮಾತಿಲ್ಲ. ಮಗಳು ನಡುವೆ ಕೂತು ಕೂಸಿಗೆ ಹಾಲು ಕುಡಿಸುತ್ತ, ನೀವಿಬ್ಬರೂ ಏನು ಬೇಕಾದರೂ ಮಾಡಿ, ನನ್ನನ್ನು ಮಾತ್ರ ಒಮ್ಮೆ ಈ ಕೋಣೆಯಿಂದ ಹೊರಗೆ ಬಿಡಿ ಎಂದಳು.

ಆಗ ತರಬೇತಿಯಲ್ಲಿ ಹೇಳಿದ್ದೊಂದು ನೆನಪಾಯಿತು. ಯಾವ ಮನೆಯ ನೀರು ಎಲ್ಲಿ ಹೊರಬೀಳುತ್ತದೆ ಎಂದು ತಿಳಿಯಬೇಕಾದರೆ ಸಂಡಾಸಿಗೆ ಬಣ್ಣ ಸುರಿದು ನೀರು ಬಿಡಿ, ಕೊನೆಯಲ್ಲಿ ನಿಂತು ಕಾಯಿರಿ ಎಂದಿದ್ದರು. ಮನೆಯಲ್ಲಿ ಹೋಳಿಯಿಂದ ಉಳಿದ ಕೆಂಪು ಬಣ್ಣದ ಪುಡಿಕೆ ಇತ್ತು. ಒಂದೊಂದೇ ಮನೆ ಹಿಡಿದು ಕಳ್ಳನನ್ನು ಹಿಡಿಯುತ್ತೇನೆ ಎಂದು ನಿಶ್ಚಯಿಸಿದೆ. ಯಾರೂ ನನ್ನತ್ತ ಬೆರಳು ತೋರಿಸಬಾರದೆಂದು ಮೊದಲು ನಮ್ಮ ಮನೆಯಲ್ಲೇ ಸುರಿಯಲು ಗಂಡನಿಗೆ ಹೇಳಿದೆ. ಅವರು ಪುಡಿಕೆಯನ್ನು ಕೈಯಲ್ಲಿ ತಿರುಗಿಸುತ್ತ, ಮೊದಲು ಬೇರೆಯವರದ್ದು ನೋಡು, ನಮ್ಮದು ಕೊನೆಗೆ ನೋಡಿದರಾಯಿತು ಎಂದರು. ನನಗೆ ಆಗಲಾದರೂ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಈಗಲೇ ಸುರಿಯಿರಿ, ಮೇಲಿಂದ ಮೂರು ಬಕೆಟ್ ನೀರು ಹಾಕಿ ಎಂದು ಜೋರು ಮಾಡಿ, ನಾಲ್ಕು ಮನೆಯ ಹೆಂಗಸರನ್ನು ಸಾಕ್ಷಿಗೆ ಕರೆದುಕೊಂಡು ಬಾವಿಗೆ ಹೋದೆ.

ಅತ್ತೆ ಅಲ್ಲೇ ಇದ್ದರು. ಪೂಜೆಗೆಂದು ಬಾವಿಯ ಮೇಲಿನ ಪಾವಟಿಗೆಗಳನ್ನು ಕಸಬರಿಗೆಯಿಂದ ಬಳಿಯುತ್ತಿದ್ದರು. ನನ್ನ ಮೇಲಿನ ಹಟಕ್ಕೆ ಎಂಬತ್ತರ ಹತ್ತಿರದ ಆ ಜೀವ ಬಿಸಿಲಲ್ಲಿ ಬಗ್ಗಿತ್ತು. ನಾನು ಏನು ಮಾಡುತ್ತಿದ್ದೇನೆ ಎಂದು ಅವರಿಗೆ ಹೇಳಿರಲಿಲ್ಲ. ಮಳೆ ಬಿಟ್ಟು ನಾಲ್ಕು ದಿನವಾಗಿತ್ತು, ಕಾಲುವೆಯ ಬಾಯಿಂದ ಸಣ್ಣಗೆ ಒಂದೇ ಎಳೆ ನೀರು ಬೀಳುತ್ತಿತ್ತು. ನಾವೆಲ್ಲ ಅದನ್ನೇ ನೋಡುತ್ತ ನಿಂತೆವು. ನೋಡಿ, ನಮ್ಮದು ಬರುವುದಿಲ್ಲ, ಮುಂದಿನ ಸರದಿ ನಿಮ್ಮದು ಎಂದು ನಾನು ಬಾಯಿ ಬಿಟ್ಟು ಹೇಳಿಯೂ ಬಿಟ್ಟೆ.

ನೀರು ಮೊದಲು ಗುಲಾಬಿಯಾಯಿತು. ಆಮೇಲೆ ಕೆಂಪಾಯಿತು. ಕಲ್ಲಿನ ಮೇಲಿಂದ ಇಳಿದು, ಬಾವಿಯೊಳಗೆ ಬಿದ್ದು, ಕಪ್ಪು ನೀರಿನ ನಡುವೆ ಹರಡಿತು. ಸಾಕ್ಷಿಗೆ ಬಂದ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅವಮಾನ, ಸಿಟ್ಟು, ಯಾವುದು ಮೊದಲು ಎಂದು ಗೊತ್ತಾಗದೆ ಕಣ್ಣಲ್ಲಿ ನೀರು ಬಂದುಬಿಟ್ಟಿತು.

ಅತ್ತೆ ಕಸಬರಿಗೆ ಹಿಡಿದುಕೊಂಡೇ ಕೇಳಿದರು: "ಇದೇನಬೇ, ಕೆಂಪು?"

"ನಮ್ಮ ಸಂಡಾಸಿನದ್ರಿ ಅತ್ತಿ. ಈಗ ನಿಮ್ಮ ಮಗ ಸುರದಾರ."

ಅವರು ಕೆಂಪು ಪೂರ್ತಿ ಕರಗುವವರೆಗೂ ನೋಡುತ್ತ ನಿಂತಿದ್ದರು.

ನಾನು ನೇರ ಗೌಂಡಿಯ ಮನೆಗೆ ಹೋದೆ. ಅವನು ಉಣ್ಣಲು ಕೂತಿದ್ದ, ನನ್ನ ಮುಖ ನೋಡಿ ಎದ್ದು ಕೈ ತೊಳೆದುಕೊಂಡ. ಬೈಗುಳವೆಲ್ಲ ಮುಗಿದ ಮೇಲೆ ತಲೆ ಕೆರೆದುಕೊಳ್ಳುತ್ತ ಹೇಳಿದ: "ಅಕ್ಕಾರ, ನಾ ಏನ್ ಮಾಡ್ಲಿ ಹೇಳ್ರಿ. ಹನ್ನೆರಡೂ ಮನಿಗಿ ಹಿಂದ ತೋರಸಾಕ ಒಂದು ಪೈಪು, ಮುಂದ ಬಿಡಾಕ ಒಂದು ಪೈಪು ಹಾಕೀನಿ. ಹಿಂದಿಂದು ಗ್ವಾಡಿ ಒಳಗ ಮುಚ್ಚೇತಿ. ನೀವು ಬರೀ ಮುಚ್ಚಳ ಎತ್ತಿ ನೋಡಿದ್ರಿ, ನೀರು ಬಿಟ್ಟು ನೋಡ್ಲಿಲ್ಲ."

ಅವನು ಸುಳ್ಳು ಹೇಳಲಿಲ್ಲ. ನಾನು ನೀರು ಬಿಟ್ಟು ನೋಡಿರಲಿಲ್ಲ. ಪೈಪಿನ ಬಾಯಿ ಒಣಗಿದೆಯೋ ಹಸಿಯಾಗಿದೆಯೋ ಎಂದೂ ನೋಡಿರಲಿಲ್ಲ. ಗುರುತು ಹಾಕುವ ಆತುರ ನನಗೆ. ಓಣಿಯವರು ನನ್ನ ಕಣ್ಣಿಗೆ ಮಣ್ಣೆರಚಿದರು ನಿಜ, ಆದರೆ ನಾನೂ ಕಣ್ಣು ಅಗಲಿಸಿಕೊಂಡೇ ನಿಂತಿದ್ದೆ. ಆ ಹನ್ನೆರಡು ಗುರುತುಗಳನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಮನೆಗೆ ಬಂದರೆ ಗಂಡ ಎಲ್ಲಿಗೋ ತಪ್ಪಿಸಿಕೊಂಡಿದ್ದರು. ಅವರಿಗೆ ಮೊದಲಿಂದ ಗೊತ್ತಿತ್ತು. ತಾಯಿಗೂ ಹೆಂಡತಿಗೂ ಹೆದರುವ ಗಂಡಸು ಮಾಡುವುದನ್ನೇ ಅವರು ಮಾಡಿದ್ದರು, ಅಂದರೆ ಸುಮ್ಮನಿದ್ದರು. ಅತ್ತೆ ಪಡಸಾಲೆಯ ಕಂಬಕ್ಕೆ ಒರಗಿ ಕೂತಿದ್ದರು, ಕೂಸು ಅವರ ಕಾಲ ಮೇಲೆ ಮಲಗಿತ್ತು. ನಾನು ಬಾಯಿ ತೆರೆಯುವ ಮೊದಲೇ ಅವರು ಮಾತಾಡಿದರು.

"ಹುಡುಗಿ ಬಾಣಂತನಕ್ಕ ಬರ್ತಾಳಂತ ಗೊತ್ತಾದ ದಿನಾನ ಗೌಂಡಿನ ಕರಸಿ ಹಿಂದಿಂದು ಮುಚ್ಚಸಿದೆ. ನೀ ಕಾಗದ ಕೊಡಾಕ ಯಾದಗಿರಿಗಿ ಹೋಗಿದ್ದಿ. ಎಮನ ದಿಕ್ಕಿಗಿ ನೀರು ಹೋಗೋ ಮನ್ಯಾಗ ಬಾಣಂತನ ಹ್ಯಾಂಗ ಮಾಡ್ಲಿ? ಕೂಸಿಗಿ ಏನರೆ ಆದ್ರ?"

"ಬಾವಿಗಿ ಹೋಗಿ ಬೀಳ್ತದ ಅಂತ ಗೊತ್ತಿದ್ದಿಲ್ಲೇನ್ರಿ?"

"ಮಳಿ ತೊಳಕೊಂಡು ಹೋಗ್ತದ ಅಂದ್ಕೊಂಡಿದ್ದೆ."

ಇಡೀ ಊರು ಅಂದುಕೊಂಡಿರುವುದೂ ಅದೇ. ಮಳೆ ತೊಳೆದುಕೊಂಡು ಹೋಗುತ್ತದೆ. ಎಲ್ಲಿಗೆ ಎಂದು ಒಬ್ಬರೂ ಕೇಳುವುದಿಲ್ಲ. ನಾನು ಕೂಗಾಡಬೇಕೆಂದೇ ಬಂದಿದ್ದೆ, ಆದರೆ ಆ ಕೈ ಕೂಸಿನ ತಲೆ ಸವರುತ್ತಿತ್ತು. ಕೂಸನ್ನು ಕಾಯಬೇಕೆಂದೇ ಕೂಸಿಗೆ ಎರೆಯುವ ನೀರಿಗೆ ಹೊಲಸು ಬಿಟ್ಟಿದ್ದರು. ಇದಕ್ಕೆ ಯಾರನ್ನು ಬೈಯುವುದು?

ಮರುದಿನ ಬೆಳಿಗ್ಗೆ ಹಾರೆಯ ಸದ್ದಿಗೆ ಎದ್ದು ಬಂದೆ. ಗೌಂಡಿ ನಮ್ಮ ಹಿತ್ತಲ ಗೋಡೆ ಒಡೆಯುತ್ತಿದ್ದ. ಕರೆಸಿದವರು ಅತ್ತೆಯೇ, ಎದುರಿಗೆ ಮಣೆ ಹಾಕಿಕೊಂಡು ಕೂತಿದ್ದರು. ಹಿಂದಿನ ಪೈಪು ತೆರೆಸಿ, ಮುಂದಿನದಕ್ಕೆ ಸಿಮೆಂಟು ತುಂಬಿಸಿ, ಎಲ್ಲ ಮುಗಿದ ಮೇಲೆ ಸಂದಿಗೆ ಹೋಗಿ ಚೇಂಬರಿನ ಮುಚ್ಚಳಕ್ಕೆ ಕುಂಕುಮ ಹಚ್ಚಿ, ಒಂದು ನಿಂಬೆಹಣ್ಣು ಕೊಯ್ದಿಟ್ಟು ಬಂದರು. ಯಮನಿಗೂ ಒಂದು ಸಮಾಧಾನ ಹೇಳಬೇಕಲ್ಲ. ನಾನು ನಗಲಿಲ್ಲ. ಪೈಪಿಗೆ ನೀರು ಬಿಟ್ಟು, ಚೇಂಬರಿನಲ್ಲಿ ಬೀಳುವುದನ್ನು ಬಗ್ಗಿ ನೋಡಿ, ಆಮೇಲೆ ಗುರುತು ಹಾಕಿದೆ.

ಉಳಿದ ಹನ್ನೊಂದು ಮನೆಗಳಿಗೆ ಮತ್ತೆ ಹೋದೆ. ಬಣ್ಣದ ಸುದ್ದಿ ಹರಡಿತ್ತು. ನಿಮ್ಮ ಮನೆಯದೇ ಸಿಕ್ಕಿತಲ್ಲ, ಇನ್ನೇನು ಬಾವಿ ಚೊಕ್ಕಾಗುತ್ತದೆ ಬಿಡಿ ಎಂದರು. ಎಲ್ಲರ ಹೊಲಸನ್ನೂ ನಮ್ಮೊಬ್ಬರ ತಲೆಗೆ ಕಟ್ಟಿ ಕೈ ತೊಳೆದುಕೊಂಡರು. ನಮ್ಮ ಸಂಡಾಸಿಗೆ ಬಣ್ಣ ಹಾಕಲು ಬಂದರೆ ನೋಡು ಎಂದು ಒಬ್ಬಳು ಬೆದರಿಸಿದಳು. ಪೂಜೆಯ ಹಿಂದಿನ ದಿನ ಮಧ್ಯಾಹ್ನ ಜೋರು ಮಳೆಯಾಯಿತು. ಬಾವಿ ಮತ್ತೆ ಕಪ್ಪಾಯಿತು.

ಅತ್ತೆ ದಿನ ಬದಲಿಸಲಿಲ್ಲ. ಬೆಳಿಗ್ಗೆ ಮಗಳಿಗೆ ಹಸಿರು ಸೀರೆ ಉಡಿಸಿ, ಕಿವಿಗೆ ಹತ್ತಿ ಇಡಿಸಿ, ತಲೆಗೆ ಬಟ್ಟೆ ಕಟ್ಟಿಸಿ, ತಾಮ್ರದ ಕೊಡವನ್ನು ಹುಣಸೆಹಣ್ಣು ಹಚ್ಚಿ ಬೆಳಗಿ ಕೈಗೆ ಕೊಟ್ಟರು. ನಾನು ಕೂಸನ್ನು ಎತ್ತಿಕೊಂಡು ಹಿಂದೆ ನಡೆದೆ. ಅವರು ನೀರು ತುಂಬಿಸಲು ಹೋದರೆ ಕೊಡ ಕಿತ್ತುಕೊಳ್ಳಬೇಕು ಎಂದೇ ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ಬಾವಿಯ ವಾಸನೆಗೆ ಮಗಳು ಸೆರಗನ್ನು ಮೂಗಿಗೆ ಹಿಡಿದಳು. ಅತ್ತೆ ಅವಳನ್ನು ಮೇಲಿನ ಪಾವಟಿಗೆಯಲ್ಲೇ ನಿಲ್ಲಿಸಿದರು. ಅಲ್ಲೇ ಐದು ಹರಳು ಇಟ್ಟು ಪೂಜೆ ಮಾಡಿಸಿದರು. ಕೊನೆಗೆ ತಾವು ಎರಡು ಪಾವಟಿಗೆ ಕೆಳಗಿಳಿದು, ಕೈ ಮುಗಿದು, ತುಟಿಯಲ್ಲೇ ಏನೋ ಹೇಳಿಕೊಂಡರು. ಏನೆಂದು ನಾನು ಕೇಳಲಿಲ್ಲ. ನೀರನ್ನು ಮುಟ್ಟದೆ ಮೇಲೆ ಬಂದರು.

ಮಗಳು ಕೊಡ ಎತ್ತಿಕೊಳ್ಳಲು ಬಗ್ಗಿದಳು. ಅತ್ತೆ ಅವಳ ಕೈ ಸರಿಸಿ, ಸಿಂಬಿ ಇಟ್ಟುಕೊಂಡು, ಆ ಖಾಲಿ ಕೊಡವನ್ನು ತಮ್ಮ ತಲೆಯ ಮೇಲೆ ಇಟ್ಟುಕೊಂಡರು.

ಬೆಕ್ಕು ಅಡ್ಡ ಬಂದರೆ ಅರ್ಧ ಗಂಟೆ ಕೂತು ಏಳುವವರು ಅವರು. ಖಾಲಿ ಕೊಡ ಎದುರಿಗೆ ಬಂದರೆ ಊರಿಗೆ ಹೊರಟವರನ್ನೂ ಮನೆಗೆ ತಿರುಗಿಸುವವರು. ಅಂಥವರು ನೇರ ಓಣಿಯ ನಡುವೆ, ಒಂದು ಕೈಯಲ್ಲಿ ಕೊಡ ಹಿಡಿದು, ಕೊಡದ ಬಾಯಿ ಎಲ್ಲರಿಗೂ ಕಾಣುವಂತೆ ಸ್ವಲ್ಪ ವಾಲಿಸಿಕೊಂಡು ನಡೆದರು. ಬಾಣಂತಿಯ ಕಾಲಿಗೆ ನೀರು ಹಾಕಲೆಂದು ಹೆಂಗಸರು ತಂಬಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಅತ್ತೆ ಒಂದೊಂದು ಬಾಗಿಲ ಮುಂದೆಯೂ ನಿಂತು, ಒಳಗಿನವರು ನೋಡುವವರೆಗೆ ಕಾದು, ಮುಂದೆ ಹೋದರು. ಯಾರೂ ಅವರ ಮುಖ ನೋಡಲಿಲ್ಲ. ಕೊನೆಗೆ ಮೇಷ್ಟ್ರ ಹೆಂಡತಿ ತಡೆಯಲಾರದೆ, ಕೂಸಿರುವ ಮನೆಗೆ ಹೀಗೆ ಖಾಲಿ ಕೊಡ ಒಯ್ಯುವುದೇ, ತುಂಬಿಕೊಂಡು ಬರಬಾರದಿತ್ತೇ ಎಂದು ಕೇಳಿದರು.

"ತುಂಬಿಕೊಂಡು ಬರ್ತಿದ್ದೆ ಯವ್ವಾ," ಎಂದರು ಅತ್ತೆ. "ಅದರಾಗ ಇದ್ದದ್ದು ನಿಮ್ಮನಿದು. ನಿಮ್ಮದು ನಮ್ಮ ಕೂಸಿಗಿ ಕುಡಸ್ಲೇನು?"

ಮನೆಗೆ ಬಂದು ಆ ಕೊಡವನ್ನು ಕಾಲುವೆಯ ಮೇಲಿನ ಕಟ್ಟೆಯಲ್ಲಿ ಬೋರಲು ಹಾಕಿದರು. ಮಗಳು ಆ ದಿನ ಬೊಗಸೆ ನೀರು ಕುಡಿಯಲಿಲ್ಲ, ಕೂಸಿಗೆ ಎಂದಿನಂತೆ ಬಚ್ಚಲ ಹಂಡೆಯ ನೀರನ್ನೇ ಎರೆದೆವು. ಅತ್ತೆ ಆ ಸಂಜೆ ಜ್ವರ ಬಂದವರ ಹಾಗೆ ಹೊದ್ದು ಮಲಗಿದರು, ನಾನು ಪಕ್ಕದಲ್ಲಿ ಕೂತು ಕಾಲು ಒತ್ತಿದೆ.

ಆಮೇಲೆ ಮೂರು ಮನೆಯವರು ಗೌಂಡಿಯನ್ನು ಕರೆಸಿದರು. ಮೇಷ್ಟ್ರದ್ದು ಅದರಲ್ಲಿಲ್ಲ, ಅವರು ಇನ್ನೂ ಹಂದಿಗಳ ವಿಷಯ ಹೇಳುತ್ತಿದ್ದಾರೆ. ನನ್ನ ಕೆಲಸದ ಅವಧಿ ಮುಗಿದಿದೆ, ಆದರೂ ಕಾಗದ ಹಿಡಿದು ಹೋಗುತ್ತೇನೆ, ಬಾಗಿಲು ಹಾಕಿಸಿಕೊಂಡು ಬರುತ್ತೇನೆ. ಮೊನ್ನೆ ಮಗಳು ಬಂದಿದ್ದಳು. ಮೊಮ್ಮಗಳಿಗೆ ಈಗ ಹಿಡಿದುಕೊಂಡು ನಿಲ್ಲಲು ಬರುತ್ತದೆ. ಕಟ್ಟೆಯ ಮೇಲಿನ ಕೊಡಕ್ಕೆ ಕೈಯೂರಿ ನಿಂತು, ಅದರ ತಳವನ್ನು ಪಟಪಟ ಬಡಿದು ನಕ್ಕಳು. ತಾಮ್ರ ಹಸಿರುಗಟ್ಟಿದೆ, ಬೆಳಗಿ ಒಳಗಿಡಲೇ ಎಂದು ಮಗಳು ಕೇಳಿದಳು. ಇನ್ನೂ ಎಂಟು ಮನೆ ಅದಾವ, ಅಲ್ಲೇ ಇರಲಿ ಎಂದರು ಅತ್ತೆ.